ಎಂಟು ಚೌಕದೊಳಗಿನ ಅಕ್ಷರ

ಧಾರವಾಡದ ಮಾಳಮಡ್ಡಿಯ ಒಂದು ಹಳೆಯ ಮನೆ. ಅಟ್ಟದಿಂದ ತಗಡಿನ ಟ್ರಂಕನ್ನು ಇಳಿಸಿ ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆ ಅಂಗಳದವರೆಗೂ ಹರಡಿತು. ಎಲ್ಲಕ್ಕಿಂತ ಮೇಲೆ ಒಂದು ಗ್ರಾಫ್ ಪುಸ್ತಕವಿತ್ತು. ಅದರ ಕೆಳಗೆ ಹಳೆಯ ಧೋತರದಲ್ಲಿ ಸುತ್ತಿಟ್ಟ ಝಡ್‌ಎಕ್ಸ್ ಸ್ಪೆಕ್ಟ್ರಂ ಪ್ಲಸ್ ಎಂಬ ಹಳೆಯ ಬ್ರಿಟಿಷ್ ಗೃಹ ಕಂಪ್ಯೂಟರ್, ಅದರ ವಿದ್ಯುತ್ ಪೆಟ್ಟಿಗೆ, ಹನ್ನೊಂದು ಕ್ಯಾಸೆಟ್ಟುಗಳು, ಎರಡು ತಂತಿ. ಬ್ರಿಟನ್ನಿನ ಚಪ್ಪಟೆ ಮುಳ್ಳಿನ ಪ್ಲಗ್ಗನ್ನು ಯಾರೋ ಕತ್ತರಿಸಿ, ನಮ್ಮ ದುಂಡು ಮುಳ್ಳಿನ ಪ್ಲಗ್ಗನ್ನು ಅಚ್ಚುಕಟ್ಟಾಗಿ ಜೋಡಿಸಿದ್ದರು. ಆ ಜೋಡಣೆಯನ್ನು ನೋಡಿದ ಕೂಡಲೇ, ಈ ಯಂತ್ರ ಬಳಸುವವರ ಕೈಯಲ್ಲಿತ್ತು ಎಂದು ನನಗೆ ಖಾತ್ರಿಯಾಯಿತು.

"ಗುಜರಿಯವನು ಇನ್ನೂರು ರೂಪಾಯಿ ಕೊಡುತ್ತೇನೆ ಎಂದ. ನೀನು ಎಷ್ಟು ಕೊಡುತ್ತೀ, ತಮ್ಮಾ?" ಎಂದು ಆ ಮನೆಯ ಒಡತಿ ಕಾಕು ಕೇಳಿದರು. ಅವರ ಯಜಮಾನರು ಗಣಿತದ ಮಾಸ್ತರರು. 1986ರಲ್ಲಿ ಇಂಗ್ಲೆಂಡಿನಲ್ಲಿದ್ದ ಸಂಬಂಧಿಕರೊಬ್ಬರು ಊರಿಗೆ ಬರುವಾಗ ಈ ಯಂತ್ರವನ್ನು ಅವರಿಂದ ತರಿಸಿಕೊಂಡು, ಅದರ ಹಣವನ್ನು ಎರಡು ವರ್ಷ ಕಂತುಕಂತಾಗಿ ತೀರಿಸಿದ್ದರಂತೆ. "ಆ ವರ್ಷ ನಮ್ಮ ಮನೆಗೆ ಫ್ರಿಜ್ ಬರಬೇಕಾಗಿತ್ತು" ಎಂದು ಕಾಕು ಹೇಳಿದ ಧಾಟಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮಾತ್ರ ಇನ್ನೂ ಮರೆತಿರಲಿಲ್ಲ.

ಈ ಹವ್ಯಾಸದಲ್ಲಿ ನನಗೆ ಅತ್ಯಂತ ಕಷ್ಟದ ಗಳಿಗೆ ಎಂದರೆ ಇದೇ. ವಸ್ತುವಿನ ಬೆಲೆ ನನಗೆ ಗೊತ್ತು, ಎದುರಿಗಿರುವವರಿಗೆ ಗೊತ್ತಿಲ್ಲ. ಇನ್ನೂರರ ಮೇಲೆ ನೂರು ಸೇರಿಸಿ ಕೊಟ್ಟರೂ ಅವರು ಸಂತೋಷದಿಂದ ಒಪ್ಪುತ್ತಿದ್ದರು. ಹಾಗೆ ಕೊಂಡುಕೊಂಡವರನ್ನು ನಾನು ಬಲ್ಲೆ. ಅದನ್ನು ಜಾಣತನ ಎಂದು ಹೇಳಿಕೊಳ್ಳುವುದನ್ನೂ ಕೇಳಿದ್ದೇನೆ. ನನ್ನ ಮಟ್ಟಿಗೆ ಅದು ಕಳ್ಳತನಕ್ಕೆ ತೀರಾ ಹತ್ತಿರದ ಕೆಲಸ. ಕಾಕುವಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ನಡೆಯದ ಸ್ಥಿತಿಯಲ್ಲಿ ಇದಕ್ಕೆ ಇಷ್ಟು ಬೆಲೆ, ನಡೆಯುವಂತಾದರೆ ಇಷ್ಟು. ಈಗ ಮೊದಲನೆಯ ಮೊತ್ತ ಕೊಡುತ್ತೇನೆ, ರಿಪೇರಿಯಾದ ಮೇಲೆ ಉಳಿದದ್ದನ್ನು ತಂದು ಮುಟ್ಟಿಸುತ್ತೇನೆ ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ ಚಹಾ ತಂದರು.

ಹಳೆಯ ಗೃಹ ಕಂಪ್ಯೂಟರುಗಳ ಹುಚ್ಚು ನನಗೆ ಹತ್ತಿದ್ದು ಶಾಲೆಯ ದಿನಗಳಲ್ಲಿ. ಕೇಂದ್ರ ಸರ್ಕಾರ 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಟ್ಟಿತ್ತು. ಅಂಥ ಒಂದು ಶಾಲೆಯಲ್ಲಿ ನಾನು ಓದಿದೆ. ಚಪ್ಪಲಿಯನ್ನು ಹೊರಗೆ ಬಿಟ್ಟು, ಸಾಲಾಗಿ, ದೇವರ ಕೋಣೆಗೆ ಹೋದಂತೆ ಒಳಗೆ ಹೋಗುತ್ತಿದ್ದೆವು. ವಾರಕ್ಕೆ ಒಂದು ಪಿರಿಯಡ್, ಒಂದು ಯಂತ್ರಕ್ಕೆ ನಾಲ್ವರು. ಸ್ವಿಚ್ ಒತ್ತಿದರೆ ಮೊದಲು ಒಂದು ದಪ್ಪ ದನಿ, ಅದರ ಬೆನ್ನಿಗೇ ಒಂದು ಚೂಪು ದನಿ. ಇಂದಿಗೂ ಎಲ್ಲಿಯಾದರೂ ಆ ಜೋಡಿ ದನಿ ಕೇಳಿದರೆ ಅಂಗಾಲಿಗೆ ತಣ್ಣಗಿನ ನೆಲ ತಾಗಿದಂತಾಗುತ್ತದೆ. ಕೀಲಿಮಣೆ ನನ್ನ ಕೈಗೆ ಸಿಗುವಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತಿತ್ತು. ಆ ಹಸಿವೇ ಮುಂದೆ ಹವ್ಯಾಸವಾಯಿತು ಎಂದು ನಾನು ನಂಬಿದ್ದೇನೆ.

ಹದಿನಾಲ್ಕು ವರ್ಷಗಳಲ್ಲಿ ನನ್ನ ಹುಬ್ಬಳ್ಳಿಯ ಮನೆಗೆ ಬಂದುಹೋದ ಯಂತ್ರಗಳು ಇಪ್ಪತ್ತಕ್ಕೂ ಹೆಚ್ಚು. ಈಗ ಇರುವುದು ಆರು. ಬಂದದ್ದೆಲ್ಲ ಉಳಿಯಬೇಕು ಎಂಬ ಆಸೆ ನನಗಿಲ್ಲ, ಜಾಗವೂ ಇಲ್ಲ. ರಿಪೇರಿ ಮಾಡಿ, ಕೆಲವು ತಿಂಗಳು ಬಳಸಿ, ಬಳಸುವವರು ಸಿಕ್ಕರೆ ಕೊಟ್ಟುಬಿಡುತ್ತೇನೆ. ಆದರೆ ಕೊಡುವ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ. ಅದನ್ನು ಹೇಳಲೇಬೇಕು.

ನಾಲ್ಕೈದು ವರ್ಷದ ಹಿಂದೆ ನನ್ನ ಬಳಿ ಒಂದು ಬಿಬಿಸಿ ಮೈಕ್ರೊ ಇತ್ತು. ವಿದ್ಯುತ್ ಪೆಟ್ಟಿಗೆಯೊಳಗಿನ ಕಾಗದದ ಕೆಪಾಸಿಟರುಗಳು ಆ ಯಂತ್ರಕ್ಕೆ ಅಂಟಿದ ಶಾಪ. ಅವುಗಳ ಮೇಲುಹೊದಿಕೆ ವರ್ಷಗಳು ಕಳೆದಂತೆ ಬಿರುಕುಬಿಟ್ಟು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ದಿನ ಸ್ವಿಚ್ ಹಾಕಿದ ಹತ್ತು ನಿಮಿಷಕ್ಕೆ ಢಬ್ಬೆಂದು ಸಿಡಿದು ಕೋಣೆಯ ತುಂಬ ಗಬ್ಬು ಹೊಗೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ದಶಕಗಳನ್ನು ಕಳೆದ ಪೆಟ್ಟಿಗೆಯಾದರಂತೂ ಸಿಡಿಯುವ ತನಕ ಕಾಯಬಾರದು, ಮೊದಲೇ ಬದಲಿಸಬೇಕು. ಬದಲಿಸಿದೆ. ಹಳದಿಗಟ್ಟಿದ್ದ ಮೈಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಏಪ್ರಿಲ್ ತಿಂಗಳ ಬಿಸಿಲಿಗೆ ಮಾಳಿಗೆಯ ಮೇಲಿಟ್ಟೆ. ಎರಡು ದಿನದಲ್ಲಿ ಕೆನೆಬಣ್ಣ ಮರಳಿತು. ಆ ಬಣ್ಣ ಶಾಶ್ವತವಲ್ಲ, ಕೆಲವು ವರ್ಷಕ್ಕೆ ಹಳದಿ ಮತ್ತೆ ಇಣುಕುತ್ತದೆ. ಅದನ್ನೂ ಕೊಳ್ಳುವವರಿಗೆ ಹೇಳಿದೆ. ದೂರದ ಊರಿನವರು, ಮಕ್ಕಳಿಗೆ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಕಲಿಸುತ್ತೇನೆ ಎಂದರು. ಕೇಳಿದ್ದಕ್ಕಿಂತ ಕಡಿಮೆಗೆ ಕೊಟ್ಟೆ.

ಒಂದು ತಿಂಗಳ ನಂತರ ಅದೇ ಯಂತ್ರದ ಚಿಪ್ಪುಗಳು ಬಿಡಿಬಿಡಿಯಾಗಿ ಮಾರಾಟಕ್ಕೆ ಬಂದಿದ್ದವು. ನಾನೇ ಬೆಸುಗೆ ಹಾಕಿದ್ದ ಸಾಕೆಟ್ಟಿನ ಗುರುತು ಫೋಟೊದಲ್ಲಿ ಕಾಣುತ್ತಿತ್ತು. ಕೆಟ್ಟುಹೋದ ಯಂತ್ರವನ್ನು ಬಿಚ್ಚಿ ಇನ್ನೊಂದನ್ನು ಬದುಕಿಸುವುದು ಬೇರೆ. ಅದನ್ನು ನಾನೂ ಮಾಡುತ್ತೇನೆ, ಮಾಡದೆ ಗತಿಯಿಲ್ಲ. ಸ್ಪೆಕ್ಟ್ರಂಗಾಗಿಯೇ ಫೆರಾಂಟಿ ಕಂಪನಿ ಮಾಡಿಕೊಟ್ಟ ಯುಎಲ್‌ಎ ಚಿಪ್ಪಿನ ತಯಾರಿಕೆ ಎಂದೋ ನಿಂತುಹೋಗಿದೆ. ಸ್ಪೆಕ್ಟ್ರಂನ ಮಿದುಳಾದ, 1976ರಿಂದ ಬರುತ್ತಿದ್ದ ಝಡ್80 ಪ್ರೊಸೆಸರನ್ನು ಕೂಡ ನಿಲ್ಲಿಸುವುದಾಗಿ ಝೈಲಾಗ್ ಕಂಪನಿ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಬಿಡಿಭಾಗಗಳ ಬೆಲೆ ಏರಿದಷ್ಟೂ ನಡೆಯುವ ಯಂತ್ರವನ್ನು ಕಡಿದು ಮಾರುವ ಆಸೆ ಬಲಿಯುತ್ತದೆ. ಆದರೂ ಉಸಿರಾಡುತ್ತಿದ್ದ ಯಂತ್ರವನ್ನು ಹಾಗೆ ಮಾಡಬಾರದಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಂದಿನಿಂದ ಯಂತ್ರ ಕೊಳ್ಳಲು ಬರುವವರನ್ನು ಮನೆಗೇ ಕರೆಯುತ್ತೇನೆ. ಒಂದು ತಾಸು ಅದರ ಮುಂದೆ ಕೂರಿಸುತ್ತೇನೆ. ಎರಡು ಸಾಲು ಟೈಪ್ ಮಾಡುವಾಗ ಕೈ ಹೇಗೆ ಓಡುತ್ತದೆ ಎಂಬುದರಲ್ಲೇ ಬಹುತೇಕ ತಿಳಿಯುತ್ತದೆ.

ಮಾಸ್ತರರ ಸ್ಪೆಕ್ಟ್ರಂಗೆ ಬರುತ್ತೇನೆ. ಇಂಥ ಯಂತ್ರ ಸಿಕ್ಕಾಗ ಹೆಚ್ಚಿನವರು ಮಾಡುವ ತಪ್ಪು, ಕೂಡಲೇ ಪ್ಲಗ್ ಹಾಕಿ ನೋಡುವುದು. ಕೈ ಕಟ್ಟಿಕೊಂಡಿರಬೇಕು. ಮೊದಲು ವಿದ್ಯುತ್ ಪೆಟ್ಟಿಗೆಯನ್ನು ಮಾತ್ರ ಮಲ್ಟಿಮೀಟರಿಗೆ ಹಿಡಿದೆ. ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಮೀಟರಿನಲ್ಲಿ 13ರ ಹತ್ತಿರ ತೋರಿಸಿತು. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಹೊರೆಯಿಲ್ಲದ ಹಳೆಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಹಾಗೆಯೇ ತೋರಿಸುತ್ತದೆ. ಒಳಗಿನ ರೆಗ್ಯುಲೇಟರ್ ಅದನ್ನು 5 ವೋಲ್ಟಿಗೆ ಇಳಿಸಿಕೊಳ್ಳುತ್ತದೆ. ನಿಜವಾಗಿ ಹುಷಾರಾಗಿರಬೇಕಾದದ್ದು ಪಿನ್ನಿನ ವಿಷಯದಲ್ಲಿ. ಇದರ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ. ಮನೆಯಲ್ಲಿ ಬಿದ್ದಿರುವ ಬೇರಾವುದೋ 9 ವೋಲ್ಟಿನ ಅಡಾಪ್ಟರನ್ನು ಸಿಕ್ಕಿಸಿ ಯಂತ್ರವನ್ನು ಕೊಂದವರಿದ್ದಾರೆ.

ಮುಚ್ಚಳ ಬಿಚ್ಚಿದೆ. ಕೀಲಿಮಣೆಯ ಕೆಳಗಿನ ತೆಳುಹಾಳೆಯ ಬಾಲಗಳು, ಅಂದರೆ ಬೋರ್ಡಿನೊಳಗೆ ಸೇರುವ ಪಟ್ಟಿಗಳು, ಒಣಗಿದ ಬಾಳೆನಾರಿನಂತೆ ಮುರಿದವು. ಇದು ಪ್ರತಿ ಸ್ಪೆಕ್ಟ್ರಂನ ಹಣೆಬರಹ. ಅದೃಷ್ಟಕ್ಕೆ ಆ ಹಾಳೆಗಳನ್ನು ಇಂದಿಗೂ ಹೊಸದಾಗಿ ಮಾಡುತ್ತಾರೆ. ತರಿಸಿಕೊಳ್ಳಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಕೆಪಾಸಿಟರುಗಳನ್ನು ಬದಲಿಸಿ, ಹಳೆಯ 14 ಇಂಚಿನ ಟಿವಿಯನ್ನು ತೆಗೆದಿಟ್ಟೆ. ಆ ಕಾಲದ ಬ್ರಿಟನ್ನಿನ ಟಿವಿ ನಮ್ಮದರಂತೆಯೇ ಪಾಲ್ ಎಂಬ ಪ್ರಸಾರ ಪದ್ಧತಿಯದು, ವಿದ್ಯುತ್ತೂ 50 ಹರ್ಟ್ಸ್. ಹಾಗಾಗಿ ಆ ದೇಶದ ಯಂತ್ರಗಳು ನಮ್ಮ ಟಿವಿಗಳೊಂದಿಗೆ ಸಲೀಸಾಗಿ ಹೊಂದಿಕೊಳ್ಳುತ್ತವೆ. ಟಿವಿಯನ್ನು ಯುಎಚ್‌ಎಫ್‌ನ 36ನೆಯ ಚಾನೆಲ್ಲಿಗೆ ತಿರುಗಿಸಿ ಕಾದೆ. ಕಪ್ಪು ಪರದೆ ಒಂದು ಕ್ಷಣ ಮಿನುಗಿ ಬಿಳಿಯಾಯಿತು. ಅಡಿಯಲ್ಲಿ 1982 ಎಂಬ ವರ್ಷ ಮತ್ತು ಸಿಂಕ್ಲೇರ್ ರಿಸರ್ಚ್ ಎಂಬ ಹೆಸರು ಕಾಣಿಸಿಕೊಂಡವು. ಆ ಒಂದು ಸಾಲನ್ನು ಎಷ್ಟು ಯಂತ್ರಗಳಲ್ಲಿ ನೋಡಿದ್ದರೂ ನನ್ನ ಕಣ್ಣು ತೇವವಾಗದೆ ಇರುವುದಿಲ್ಲ.

ಉಳಿದದ್ದು ಕ್ಯಾಸೆಟ್. ಈಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ: ಹಾಡು ಕೇಳುವ ಅದೇ ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಶಬ್ದವಾಗಿ ತುಂಬಿರುತ್ತದೆ. ಟೇಪ್ ರೆಕಾರ್ಡರ್ ಅದನ್ನು ನುಡಿಸುತ್ತದೆ, ಕಂಪ್ಯೂಟರ್ ಆಲಿಸುತ್ತದೆ. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿಯ ಅಗಲ ಪಟ್ಟೆಗಳು. ಮಾಹಿತಿ ಹರಿಯತೊಡಗಿದಾಗ ಹಳದಿ ಮತ್ತು ನೀಲಿಯ ಸಣ್ಣ ಗೆರೆಗಳು. ಯಂತ್ರದ ನೆನಪು ತುಂಬುವಷ್ಟು ದೊಡ್ಡ ಪ್ರೋಗ್ರಾಂ ಆದರೆ ಐದು ನಿಮಿಷದವರೆಗೆ ಉಸಿರು ಬಿಗಿಹಿಡಿದು ಕೂರಬೇಕು. ಮಾಸ್ತರರ ಕ್ಯಾಸೆಟ್ಟುಗಳಲ್ಲಿ ಒಂದರ ಮೇಲೆ ನೀಲಿ ಶಾಯಿಯಲ್ಲಿ 'ಮಗ್ಗಿ' ಎಂದು ಬರೆದಿತ್ತು. ಏಳು ಸಲ ಹಾಕಿದೆ. ಏಳು ಸಲವೂ ಟೇಪ್ ಲೋಡಿಂಗ್ ಎರರ್.

ಹುಬ್ಬಳ್ಳಿಯ ಘಂಟಿಕೇರಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಒಬ್ಬ ಕಾಕಾ ಇದ್ದಾರೆ. ಅಂಗಡಿ ಮುಚ್ಚಿ ಬಹಳ ವರ್ಷವಾಯಿತು, ಕಿವಿ ಮಾತ್ರ ಹಾಗೆಯೇ ಇದೆ. ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಅವರ ಮುಂದಿಟ್ಟೆ. ಅವರು ಮೊದಲು ಕ್ಯಾಸೆಟ್ಟನ್ನು ತಿರುವಿ ಹಿಂಬದಿಯನ್ನು ಹಾಕಿದರು. ಆಕಾಶವಾಣಿಯಿಂದ ಹಿಡಿದಿಟ್ಟ ಖ್ಯಾಲ್ ಗಾಯನ ಬಂತು. ಮಾಸ್ತರರು ಒಂದು ಬದಿಗೆ ಸಂಗೀತ, ಇನ್ನೊಂದು ಬದಿಗೆ ಗಣಿತ ಇಟ್ಟಿದ್ದರು. ಕಾಕಾ ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿದರು.

"ತಂಬೂರಿಯ ನಾದ ಮಂಕಾಗಿದೆ ಸರ್. ನಿಮ್ಮ ಯಂತ್ರದ ಹೆಡ್ ವಾಲಿದೆ. ಇದನ್ನು ತುಂಬಿಕೊಂಡ ಯಂತ್ರ ಬೇರೆ ಕೋನದಲ್ಲಿತ್ತು" ಎಂದರು.

ಟೇಪನ್ನು ಮತ್ತೆ ತಿರುವಿ 'ಮಗ್ಗಿ'ಯ ಕೀರಲು ದನಿಯನ್ನು ಹಚ್ಚಿದರು. ಟೇಪನ್ನು ಓದುವ ಹೆಡ್ಡಿನ ಎಡಬದಿಯಲ್ಲಿ ಸಾಸಿವೆಯಷ್ಟು ದೊಡ್ಡ ಒಂದು ತಿರುಪು ಇರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಕೂದಲೆಳೆಯಷ್ಟು ಆ ಕಡೆ, ಈ ಕಡೆ ತಿರುಗಿಸಿದರು. ದನಿ ಮಂಕಾಯಿತು, ಇನ್ನೂ ಮಂಕಾಯಿತು, ಆಮೇಲೆ ಒಮ್ಮೆಲೇ ಗಾಜು ಕೊರೆದಂತೆ ಚೂಪಾಯಿತು. ಅವರ ಕೈ ಅಲ್ಲಿಗೇ ನಿಂತಿತು. ಹಣ ತೆಗೆದುಕೊಳ್ಳಲಿಲ್ಲ. "ಏನು ಬಂತು ಎಂಬುದನ್ನು ಬಂದು ಹೇಳಿ" ಎಂದರು.

ಮನೆಗೆ ಬಂದು ಎಂಟನೆಯ ಸಲ ಹಾಕಿದೆ. ಲೋಡ್ ಆಯಿತು. ಕ್ಯಾಸೆಟ್ಟಿನ ಮೇಲಂಚಿನ ಪ್ಲಾಸ್ಟಿಕ್ ಚೂರುಗಳನ್ನು ಅಂದೇ ಮುರಿದೆ, ಇನ್ನು ಅದರ ಮೇಲೆ ಯಾರೂ ಏನನ್ನೂ ತುಂಬಲಾಗದಂತೆ.

ಪರದೆ ಕೇಳಿತು: 7 ಗುಣಿಸು 8, ಎಷ್ಟು? 56 ಎಂದು ಒತ್ತಿದೆ. ಪರದೆಯ ನಡುವೆ ಕನ್ನಡದಲ್ಲಿ ಮೂರು ಅಕ್ಷರ ಮೂಡಿದವು: ಶಾಬಾಷ್.

ಹೊಸ ತಲೆಮಾರಿನವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಿಸದಿರಬಹುದು. ಆದರೆ ಆ ಯಂತ್ರಕ್ಕೆ ಕನ್ನಡವೆಂದರೆ ಏನೆಂದೇ ಗೊತ್ತಿಲ್ಲ. ಕೇಂಬ್ರಿಜ್‌ನಲ್ಲಿ ಅದನ್ನು ರೂಪಿಸಿದವರು ಬಳಕೆದಾರರು ತಾವೇ ಬಿಡಿಸಿಕೊಳ್ಳಲಿ ಎಂದು 21 ಚಿತ್ರಾಕ್ಷರಗಳಿಗೆ ಜಾಗ ಬಿಟ್ಟಿದ್ದರು. ಒಂದೊಂದಕ್ಕೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ, ಸಾಲಿಗೊಂದು ಸಂಖ್ಯೆ. ಒಟ್ಟು 168 ಬೈಟ್. ಮಾಸ್ತರರು ಆ ಕಿಂಡಿಯಿಂದ ಕನ್ನಡವನ್ನು ಒಳಗೆ ತಂದಿದ್ದರು.

ಗ್ರಾಫ್ ಪುಸ್ತಕ ಆಗ ಅರ್ಥವಾಯಿತು. ಪ್ರತಿ ಪುಟದಲ್ಲೂ ಎಂಟು ಎಂಟರ ಚೌಕಗಳು. ತಲೆಯ ಮೇಲೆ 128, 64, 32, 16, 8, 4, 2, 1 ಎಂದು ಬರೆದು, ಪೆನ್ಸಿಲಿನಿಂದ ಮನೆಗಳನ್ನು ತುಂಬಿ, ಬಲಕ್ಕೆ ಪ್ರತಿ ಸಾಲಿನ ಮೊತ್ತ. ರಬ್ಬರಿನಿಂದ ಒರೆಸಿ ಒರೆಸಿ ಕಾಗದ ಕೆಲವು ಕಡೆ ತೆಳುವಾಗಿದೆ. ಇಂಗ್ಲಿಷ್ ಅಕ್ಷರಗಳು ಎಂಟು ಚೌಕದಲ್ಲಿ ಆರಾಮವಾಗಿ ಕೂರುತ್ತವೆ, ಅವು ಬಹುತೇಕ ನೇರ ಗೆರೆಗಳು. ನಮ್ಮವು ದುಂಡು. ಮೇಲೆ ತಲೆಕಟ್ಟು, ಬದಿಗೆ ದೀರ್ಘ, ಕೆಳಗೆ ಒತ್ತು. ತಲೆಕಟ್ಟಿಗೆ ಒಂದು ಸಾಲು ಕೊಟ್ಟರೆ ಹೊಟ್ಟೆಗೆ ಜಾಗ ಸಾಲದು. ಮಾಸ್ತರರು 'ಬಾ' ಒಂದನ್ನೇ ಆರು ಸಲ ಬಿಡಿಸಿದ್ದಾರೆ. 'ಷ್' ಹನ್ನೊಂದು ಸಲ. ಒತ್ತಕ್ಷರವನ್ನು ಕೆಳಗಿನ ಸಾಲಿನಲ್ಲಿ ಬೇರೆ ಚೌಕವಾಗಿ ಕೂರಿಸುವ ಉಪಾಯವನ್ನು ನಾಲ್ಕನೆಯ ಪುಟದಲ್ಲಿ ಕಂಡುಕೊಂಡಿದ್ದಾರೆ. ಅಲ್ಲಿ ಅಂಚಿನಲ್ಲಿ ಒಂದು ದೊಡ್ಡ ಸರಿ ಗುರುತು ಹಾಕಿ, ಎರಡು ಸಲ ಅಡಿಗೆರೆ ಎಳೆದಿದ್ದಾರೆ. ಒಬ್ಬರೇ ಕೂತು, ಕೇಳುವವರಾರೂ ಇಲ್ಲದೆ, ಆ ರಾತ್ರಿ ಅವರು ಎಷ್ಟು ಹಿಗ್ಗಿರಬೇಕು!

ಕೊನೆಯ ಪುಟದಲ್ಲಿ, ಉತ್ತರ ತಪ್ಪಾದಾಗ ತೋರಿಸಬೇಕಾದ ಪದವಿದೆ. ಮೊದಲು 'ತಪ್ಪು' ಎಂದು ಬಿಡಿಸಿ, ಪೂರ್ತಿ ಹೊಡೆದುಹಾಕಿ, ಅದರ ಕೆಳಗೆ 'ಮತ್ತೆ ನೋಡು' ಎಂದು ಶುರುಮಾಡಿದ್ದಾರೆ. 'ಮ' ಆಗಿದೆ, 'ತ್ತೆ' ಆಗಿದೆ, 'ನೋ' ಅರ್ಧ ತುಂಬಿದೆ. 'ಡು' ಖಾಲಿ ಚೌಕ. ಪ್ರೋಗ್ರಾಂನಲ್ಲೂ ಹಾಗೆಯೇ: ತಪ್ಪು ಉತ್ತರ ಕೊಟ್ಟರೆ ಪರದೆ ಸುಮ್ಮನೆ ಬರಿದಾಗಿ, ಅದೇ ಪ್ರಶ್ನೆ ಮರಳಿ ಬರುತ್ತದೆ.

ಈ ಯಂತ್ರಗಳನ್ನು ಕ್ಯಾಸೆಟ್ಟು, ಪುಸ್ತಕ, ಚೀಟಿಗಳಿಂದ ಬೇರೆ ಮಾಡಬೇಡಿ ಎಂದು ನಾನು ಅಂಗಲಾಚುವುದು ಇದಕ್ಕಾಗಿ. ಮಾರಲು ಬರುವವರು ಬಹಳ ಸಲ ಯಂತ್ರವನ್ನು ಒರೆಸಿ ಫಳಫಳ ಮಾಡಿ ತರುತ್ತಾರೆ, ಜೊತೆಗಿದ್ದ ಕಾಗದವನ್ನು ರದ್ದಿಗೆ ಹಾಕಿರುತ್ತಾರೆ. ಸ್ಪೆಕ್ಟ್ರಂ ಇನ್ನೊಂದು ಸಿಕ್ಕೀತು. ಲಕ್ಷಗಟ್ಟಲೆ ತಯಾರಾಗಿವೆ, ಭಾರತದಲ್ಲೇ ಡೆಸಿಬೆಲ್ಸ್ ಎಂಬ ಕಂಪನಿ ಪರವಾನಗಿ ಪಡೆದು ಅದನ್ನು ಮಾರಿತ್ತು. ಹನ್ನೊಂದು ಸಲ ಬಿಡಿಸಿದ 'ಷ್' ಇರುವುದು ಈ ಒಂದು ಪುಸ್ತಕದಲ್ಲಿ.

ಎರಡು ವಾರದ ನಂತರ, ಯಂತ್ರವನ್ನೂ ಸಣ್ಣ ಟಿವಿಯನ್ನೂ ಕಾರಿನಲ್ಲಿಟ್ಟುಕೊಂಡು, ಬಾಕಿ ಹಣದೊಂದಿಗೆ ಮಾಳಮಡ್ಡಿಗೆ ಹೋದೆ. ಕಾಕು ಕನ್ನಡಕ ಹಾಕಿಕೊಂಡು ಟಿವಿಯ ಮುಂದೆ ಕುರ್ಚಿ ಎಳೆದುಕೊಂಡರು. ಅವರೂ ಮೂವತ್ತು ವರ್ಷ ಒಂದನೆಯ ತರಗತಿಗೆ ಅಕ್ಷರ ಕಲಿಸಿದವರು ಎಂದು ಆಗಲೇ ತಿಳಿದದ್ದು. 9 ಗುಣಿಸು 6 ಬಂತು. ಅವರೇ ಒತ್ತಿದರು, ಒಂದೊಂದೇ ಬೆರಳಿನಲ್ಲಿ, 54. ಪರದೆಯನ್ನು ಬಹಳ ಹೊತ್ತು ನೋಡಿದರು.

"ಶಾಬಾಪ್ ಎಂದಿದೆಯಲ್ಲೋ! ಹೊಟ್ಟೆ ಸೀಳಬೇಕಲ್ಲ ಅಲ್ಲಿ?"

ನಾನು ಬಗ್ಗಿ ನೋಡಿದೆ. ನಿಜ. ಹೊಟ್ಟೆ ಸೀಳಿದ ಷ ಅಲ್ಲಿ ಪ ಆಗಿತ್ತು. ಎರಡು ವಾರದಿಂದ ನಾನು ಅದನ್ನು ಷ್ ಎಂದೇ ಓದಿಕೊಂಡಿದ್ದೆ, ಪದ ಗೊತ್ತಿದ್ದುದರಿಂದ. ಪುಸ್ತಕ ತೆಗೆದೆವು. ಐದನೆಯ ಸಾಲಿನ ಮೊತ್ತ 74. ಸೀಳು ಇಲ್ಲದಿದ್ದರೆ 66 ಆಗಬೇಕಿತ್ತು; ಹೆಚ್ಚುವರಿ 8 ಎಂದರೆ ಒಳಗಿನ ಆ ಒಂದು ಚುಕ್ಕೆ. ಯಂತ್ರದ ನೆನಪಿನಲ್ಲಿ ಏನಿದೆ ಎಂದು ಕೇಳಿ ನೋಡಿದೆ. 74 ಎಂದಿತು. ಮಾಸ್ತರರ ಲೆಕ್ಕ ತಪ್ಪಿರಲಿಲ್ಲ. ಆ ಒಂದು ಚುಕ್ಕೆ ಟಿವಿಯ ಆಂಟೆನಾ ದಾರಿಯಲ್ಲಿ ಬರುವಾಗ ಅಕ್ಕಪಕ್ಕದ ಚುಕ್ಕೆಗಳೊಂದಿಗೆ ಕದಡಿಹೋಗುತ್ತಿತ್ತು.

ಯಂತ್ರದೊಳಗೆ ಎರಡು ತಂತಿಗಳನ್ನು ಬದಲಿಸಿ, ಚಿತ್ರವನ್ನು ಆಂಟೆನಾ ದಾರಿಗೆ ಒಗ್ಗಿಸುವ ಮಾಡ್ಯುಲೇಟರನ್ನು ದಾಟಿಸಿ, ಟಿವಿಯ ಹಳದಿ ಎವಿ ಕಿಂಡಿಗೆ ನೇರವಾಗಿ ಚಿತ್ರ ಕೊಡುವ ವಿಧಾನವೊಂದಿದೆ. ಬಹಳ ಮಂದಿ ಯಂತ್ರ ಬಂದ ದಿನವೇ ಇದನ್ನು ಮಾಡಿಬಿಡುತ್ತಾರೆ. ನಾನು ಇಷ್ಟು ವರ್ಷ ಒಂದು ಯಂತ್ರಕ್ಕೂ ಮಾಡಿರಲಿಲ್ಲ. ಹುಟ್ಟಿದಂತೆಯೇ ಇರಲಿ ಎಂಬುದು ನನ್ನ ಹಟ; ಅದಕ್ಕಾಗಿ ಗೆಳೆಯರೊಡನೆ ಜಗಳವಾಡಿದ್ದೂ ಇದೆ. ಆ ಸಂಜೆ ಮಾಳಮಡ್ಡಿಯಿಂದ ಹುಬ್ಬಳ್ಳಿಗೆ ಮರಳುವಾಗ ಉಣಕಲ್ ಕೆರೆ ದಾಟುವ ತನಕ ಅದನ್ನೇ ಯೋಚಿಸಿದೆ. ಮನೆ ತಲುಪಿ, ಕೈಕಾಲು ತೊಳೆದು, ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟೆ. ಬಿಚ್ಚಿದ ತಂತಿಗಳನ್ನು ಕತ್ತರಿಸಲಿಲ್ಲ, ಮಡಚಿ ಟೇಪ್ ಸುತ್ತಿ ಒಳಗೇ ಇಟ್ಟೆ, ನಾಳೆ ಯಾರಿಗಾದರೂ ಮೊದಲಿನಂತೆ ಬೇಕೆನಿಸಿದರೆ ಇರಲಿ ಎಂದು. ರಾತ್ರಿ ಹನ್ನೊಂದಕ್ಕೆ ಟೇಪ್ ಹಾಕಿದೆ. 9 ಗುಣಿಸು 6 ಬರುವ ತನಕ ಹದಿನಾರು ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. 54.

ಫೋಟೊ ತೆಗೆದು ಕಾಕುವಿಗೆ ಕಳಿಸಿದೆ. ಬೆಳಿಗ್ಗೆ ಆರೂವರೆಗೆ ಅವರ ಫೋನ್ ಬಂತು.

"ಈಗ ಸೀಳಿದೆ" ಎಂದರು.